ದ್ರಾಕ್ಷಾಯಿಣಿಯ ಟೆಕೋಮಾಕ್ಕೆ ನನ್ನ ಪಹರೆ

ನನ್ನ ಹೆಂಡತಿ ದ್ರಾಕ್ಷಾಯಿಣಿ ಸ್ಪರ್ಧೆಗೆ ಹೆಸರು ಕೊಟ್ಟಿದ್ದು ನನ್ನನ್ನು ಕೇಳದೆ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಆಕೆ ನನ್ನನ್ನು ಕೇಳದೆ ಮಾಡಿದ ಕೆಲಸಗಳು ಒಟ್ಟು ಎರಡು. ಮೊದಲನೆಯದು ನನ್ನ ಹಳೆಯ ಸ್ಕೂಟರನ್ನು ಗುಜರಿಗೆ ಹಾಕಿದ್ದು (ಅದು ಕೆಟ್ಟು ನಿಂತು ಮೂರು ವರ್ಷವಾಗಿತ್ತು, ಸೀಟಿನೊಳಗೆ ಇಲಿಯ ಬಾಣಂತನ ನಡೆದಿತ್ತು, ಒಪ್ಪುತ್ತೇನೆ, ಆದರೂ ಒಂದು ಮಾತು ಕೇಳಬೇಕಿತ್ತು). ಎರಡನೆಯದು ಇದು.

ರಾಣೆಬೆನ್ನೂರಿನ ನಮ್ಮ ಬಡಾವಣೆಯ ಮಹಿಳಾ ಮಂಡಳದವರು ಮನೆಯಂಗಳದ ಹೂದೋಟಕ್ಕೆ ಬಹುಮಾನ ಇಟ್ಟಿದ್ದರು. ಮೊದಲ ಸುತ್ತಿಗೆ ಮಂಡಳದ ಹೆಂಗಸರೇ ಮನೆಮನೆಗೆ ಬಂದು ನೋಡುವುದು. ಅದರಲ್ಲಿ ಗೆದ್ದವರ ಅಂಗಳಕ್ಕೆ ಹದಿನೈದು ದಿನ ಬಿಟ್ಟು ಹಾವೇರಿಯಿಂದ ದೊಡ್ಡ ತೀರ್ಪುಗಾರರು ಬರುವುದು. ಕರಪತ್ರದಲ್ಲಿ ‘ಶ್ರೀಮತಿ ದ್ರಾಕ್ಷಾಯಿಣಿ’ ಎಂದು ಅಚ್ಚಾಗಿತ್ತು. ಅಷ್ಟೇ. ಮುಂದೆ ಮೈಲಾರೆಪ್ಪ ಎಂಬ ನನ್ನ ನಾಮಧೇಯದ ಸುಳಿವೂ ಇರಲಿಲ್ಲ.

“ನನ್ನ ಹೆಸರು ಬಿಟ್ಟಾರಲ್ಲ?” ಎಂದೆ.

“ಅವರು ಬಿಟ್ಟಿಲ್ರಿ. ನಾನ ಕೊಟ್ಟಿಲ್ಲ,” ಎಂದಳು. “ರೇಷನ್ ಕಾರ್ಡಿನಾಗ, ಗ್ಯಾಸಿನ ಪುಸ್ತಕದಾಗ, ಮಂದಿ ಲಗ್ನದ ಪತ್ರಿಕಿಯೊಳಗ, ಎಲ್ಲಾ ಕಡೆ ನಿಮ್ಮ ಹಿಂದ ನಿಂತೇನಿ. ಈ ಗಿಡ ನಂದು. ಇದರ ಮುಂದ ನಾ ಒಬ್ಬಾಕಿನ ನಿಲ್ತೇನಿ.”

ಗಿಡ ಅವಳದೇ. ಕುಮಾರಪಟ್ಟಣದಲ್ಲಿರುವ ಅವಳ ತಮ್ಮನ ಮನೆಯಿಂದ ಒದ್ದೆ ಗೋಣಿತಾಟಿನಲ್ಲಿ ಸುತ್ತಿಕೊಂಡು ಬಂದ ಗೇಣುದ್ದದ ಕಡ್ಡಿ. ಟೆಕೋಮಾ ಅಂತ ಹೆಸರು. ನಮ್ಮ ಓಣಿಯಲ್ಲಿ ಹಳದಿ ಗಂಟಿ ಹೂವು ಅನ್ನುತ್ತಾರೆ. ನಾನು ಬೀಜದ ಕಂಪನಿಯೊಂದರಲ್ಲಿ ಇಪ್ಪತ್ತೆಂಟು ವರ್ಷ ಟೊಮೆಟೊ ಪ್ಲಾಟುಗಳ ಸೂಪರ್‌ವೈಸರ್ ಆಗಿದ್ದವನು. ಗಿಡ ಅಂದರೆ ನನ್ನ ಮುಂದೆ ಯಾರು ಮಾತಾಡಬೇಕು? “ಎಳೀ ಸಸಿಗೆ ನೆರಳು ಬೇಕು” ಎಂದು ಫರ್ಮಾನು ಹೊರಡಿಸಿ ಕುಂಡವನ್ನು ನೀರಿನ ಟ್ಯಾಂಕಿನ ಕೆಳಗೆ ಇಡಿಸಿದೆ. ಎಂಟು ತಿಂಗಳು ಅದು ಬದುಕಲೂ ಇಲ್ಲ, ಸಾಯಲೂ ಇಲ್ಲ. ಕಡೆಗೆ ಒಂದು ದಿನ ಏಪ್ರಿಲ್ ತಿಂಗಳ ರಣಬಿಸಿಲಿನಲ್ಲಿ ದ್ರಾಕ್ಷಾಯಿಣಿ ಹಾರೆ ಹಿಡಿದು ಕಾಂಪೌಂಡ್ ಮೂಲೆಯಲ್ಲಿ ತಗ್ಗು ತೋಡಿ, “ಸಾಯೋದಿದ್ರ ಬಿಸಲಾಗ ಸಾಯ್ಲಿ” ಎಂದು, ‘ಏನಂತೀರಿ?’ ಅಂತ ನನ್ನನ್ನು ಕೇಳಿ, ಉತ್ತರಕ್ಕೆ ಕಾಯದೆ ಅಲ್ಲಿ ನೆಟ್ಟುಬಿಟ್ಟಳು. ಮಳೆಗಾಲ ಮುಗಿಯುವ ಹೊತ್ತಿಗೆ ಅದು ನನ್ನ ಎದೆಮಟ್ಟ ಬಂದಿತ್ತು. ನನ್ನ ಇಪ್ಪತ್ತೆಂಟು ವರ್ಷದ ಅನುಭವದ ಬಗ್ಗೆ ಆಮೇಲೆ ಮನೆಯಲ್ಲಿ ಯಾರೂ ವಿಚಾರಿಸಲಿಲ್ಲ.

ಎಲ್ಲ ಸರಿಯಿತ್ತು, ಒಂದು ಬಿಟ್ಟು. ಹೂವು ಗಿಡದಲ್ಲಿ ಉಳಿಯುತ್ತಿರಲಿಲ್ಲ.

ಸಂಜೆ ನೋಡಿದರೆ ಗೊಂಚಲು ಗೊಂಚಲು ಮೊಗ್ಗು. ಬೆಳಿಗ್ಗೆ ಆರೂವರೆಗೆ ಹಾಲು ತರಲು ಹೋಗುವಾಗ ಹಳದಿ ಹೂವು ಅರಳಿ ನಿಂತಿರುತ್ತಿತ್ತು. ಎಂಟಕ್ಕೆ ದ್ರಾಕ್ಷಾಯಿಣಿ ರೊಟ್ಟಿ ಬಡಿದು ಮುಗಿಸಿ ಹೊರಗೆ ಬಂದರೆ ಬರೀ ಸೊಪ್ಪು. ಒಂದು ದಿನವಲ್ಲ, ಎರಡು ದಿನವಲ್ಲ, ಎರಡು ತಿಂಗಳು ಇದೇ ಗೋಳು.

ಮೊದಲು ನನ್ನ ಸಂಶಯ ಹೋಗಿದ್ದು ಬೆಳಗಿನ ವಾಕಿಂಗ್ ಮಂದಿಯ ಮೇಲೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಮಂದಿಯ ಹೂವಿನಲ್ಲಿ ತಮ್ಮ ದೇವರನ್ನು ಪೂಜಿಸುವ ಭಕ್ತವೃಂದ ಯಾವ ಊರಿನಲ್ಲಿಲ್ಲ? ಗೇಟಿಗೆ ಬೀಗ ಹಾಕಿದೆ. ಹೂವು ಹೋದವು. ಆಮೇಲೆ ಗಮನಿಸಿದೆ: ಗೋಡೆಯ ಆಚೆ ಮನೆಯ ರಮಜಾನಬಿಯ ಎರಡು ಆಡುಗಳು ದಿನಾ ಏಳೂವರೆಗೆ ಸರಿಯಾಗಿ ನಮ್ಮ ಗೋಡೆಯ ಬುಡಕ್ಕೆ ಬಂದು ಮುಖ ಮೇಲೆತ್ತಿ ನಿಲ್ಲುತ್ತಿದ್ದವು. ಬಾಯಲ್ಲಿ ಹಳದಿ ಪಕಳೆ! ಇನ್ನೇನು ಸಾಕ್ಷಿ ಬೇಕು? ಹೋಗಿ ಜಗಳ ತೆಗೆದೆ.

“ನನ್ನ ಆಡಿಗೆ ರೆಕ್ಕಿ ಅದಾವೇನ್ರಿ ಸಾಹೇಬ್ರ?” ಎಂದು ರಮಜಾನಬಿ ಸೊಂಟಕ್ಕೆ ಕೈಯಿಟ್ಟಳು. “ಆರು ಫೂಟ್ ಗ್ವಾಡಿ ಐತಿ. ಮ್ಯಾಲಿಂದ ಬೀಳ್ತಾವು, ಅವು ತಿಂತಾವು. ಹಾಕೋರನ್ನ ಕೇಳ್ರಿ, ತಿನ್ನೋರನ್ನ ಯಾಕ ಕೇಳ್ತೀರಿ?”

“ಸಮಜಾಯಿಷಿ ಬ್ಯಾಡ. ಆಡು ಕಟ್ಟಿ ಹಾಕು.”

ಆಕೆ ಆಡು ಕಟ್ಟಿದಳು. ನಮ್ಮ ಮನೆಗೆ ಬರುವುದನ್ನೂ ಬಿಟ್ಟಳು. ಹೂವು ಮಾತ್ರ ಹೋಗುತ್ತಲೇ ಇದ್ದವು.

ಸ್ಪರ್ಧೆಗೆ ನಾಲ್ಕು ದಿನ ಉಳಿದಾಗ ನಾನೇ ಪಹರೆಗೆ ನಿಂತೆ. ಬೆಳಿಗ್ಗೆ ಆರರಿಂದ ಎಂಟು, ಪ್ಲಾಸ್ಟಿಕ್ ಕುರ್ಚಿ, ಕೈಯಲ್ಲಿ ಬಡಿಗೆ, ಕಿವಿಗೆ ಮಫ್ಲರ್. ಒಂದು ನಾಯಿಯೂ ಗೇಟಿನ ಹತ್ತಿರ ಸುಳಿಯಲಿಲ್ಲ. ನಡುವೆ ಐರಣಿಯ ಲಕ್ಕಪ್ಪನ ಫೋನು ಬಂತು, ಅಷ್ಟೇ. ಅವನು ನನ್ನ ಹಳೆಯ ರೈತ. ನಿವೃತ್ತಿಯಾದರೂ ನನ್ನನ್ನು ಬಿಟ್ಟಿಲ್ಲ. ಟೊಮೆಟೊ ಹೂವಿಗೆ ಕೈಯಿಂದ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸ ನಡೆದಿರುವ ಕಾಲದಲ್ಲಿ ದಿನಾ ಮುಂಜಾನೆ ಫೋನ್ ಮಾಡಿ ಸಲಹೆ ಕೇಳುತ್ತಾನೆ, ನಾನು ಎದ್ದು ಅಂಗಳದಲ್ಲಿ ಅಡ್ಡಾಡುತ್ತ ಹೇಳುತ್ತೇನೆ. ಮಾತು ಮುಗಿಸಿ ಗಿಡದ ಕಡೆ ತಿರುಗಿದರೆ ಒಂದು ಹೂವಿಲ್ಲ! ನಾನು ಎರಡು ಮಾರು ದೂರದಲ್ಲಿರುವಾಗಲೇ!

“ನಿದ್ದಿ ಮಾಡೀರೇನು?” ಎಂದಳು ದ್ರಾಕ್ಷಾಯಿಣಿ.

“ದೇವರಗುಡ್ಡದ ಮೈಲಾರನ ಆಣಿ, ಕಣ್ಣ ಮುಚ್ಚಿಲ್ಲ.”

“ಹಂಗಾರ ಗಾಳ್ಯಾಗ ಕರಗಿದ್ವೇನು?”

ಮೂರು ದಿನ ಹೀಗೇ ಆಯಿತು. ನಿಜ ಹೇಳುತ್ತೇನೆ, ನನಗೆ ಹೆದರಿಕೆ ಶುರುವಾಯಿತು. ಇದು ಮನುಷ್ಯರ ಕೆಲಸವಲ್ಲ ಎನಿಸಿತು. ಯಾರಿಗೂ ಕಾಣದಂತೆ ಗಿಡದ ಬುಡಕ್ಕೆ ನಿಂಬೆಹಣ್ಣು ಹೂತೆ.

ಶನಿವಾರ ಸಂಜೆ ದ್ರಾಕ್ಷಾಯಿಣಿ ಗಿಡದ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ನಾಳೆ ಅರಳುವ ಮೊಗ್ಗು ಎಣಿಸಿದಳು. ನಲವತ್ತೆರಡು. ಎಣಿಸಿದ ಮೇಲೆ ಕೆಳಗೆ ಉದುರಿದ ಎಲೆಗಳನ್ನು ಒಂದೊಂದೇ ಆರಿಸತೊಡಗಿದಳು. ಜಗಳವಾಡಿದ್ದರೆ ತಡೆದುಕೊಳ್ಳುತ್ತಿದ್ದೆ.

“ಏನಿಲ್ರಿ,” ಎಂದಳು, “ಒಂದ ಸಲ, ನಾಕ್ ಮಂದಿ ಮುಂದ, ಇದು ನಾ ಬೆಳಸಿದ್ದು ಅಂತ ಹೇಳ್ಬೇಕು ಅನಸೇತಿ. ಬಹುಮಾನ ಸುಡ್ಲಿ. ನಾಳೆ ಬಂದಾವ್ರಿಗೆ ಬರೇ ಸೊಪ್ಪು ತೋರಸ್ಲೇನು?”

“ನಾ ಇರೂತನಕ ನಾಳೆ ಒಂದು ಪಕಳಿ ಅಲುಗಾಡಂಗಿಲ್ಲ” ಎಂದು ಮಾತು ಕೊಟ್ಟೆ.

ಭಾನುವಾರ ಐದಕ್ಕೇ ಎದ್ದೆ. ಏಳಾಯಿತು: ನಲವತ್ತೆರಡೂ ಅರಳಿ ನಿಂತಿದ್ದವು. ಏಳೂ ಹತ್ತು: ನಲವತ್ತೆರಡು. ಏಳೂ ಇಪ್ಪತ್ತು: ನಲವತ್ತೆರಡು. ಏಳೂ ಇಪ್ಪತ್ತೈದಕ್ಕೆ ಗೇಟು ಕಿರ್ರೆಂದಿತು. ಮಂಡಳದ ಅಧ್ಯಕ್ಷೆ ಸೋಮವ್ವ, ಜೊತೆಗೆ ಇನ್ನಿಬ್ಬರು. ಇಳಕಲ್ ಸೀರೆಯುಟ್ಟ ದ್ರಾಕ್ಷಾಯಿಣಿ ಅವರನ್ನು ಮೊದಲು ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟಳು. ಚಹಾ ಮುಗಿದ ಮೇಲೆ ಗಿಡ. ಐದೇ ಐದು ನಿಮಿಷ ಹೂವು ಉಳಿದರೆ ಸಾಕಿತ್ತು. ನಾನು ಅವರಿಗೆ ಬೆನ್ನು ಮಾಡಿ, ಗಿಡಕ್ಕೆ ಅಂಟಿಕೊಂಡಂತೆ ನಿಂತು, ಒಂದು ಕಣ್ಣು ಗೋಡೆಯ ಮೇಲೆ, ಇನ್ನೊಂದು ಗೇಟಿನ ಮೇಲೆ ಇಟ್ಟೆ.

ಫೋನು ಬಡಿದುಕೊಂಡಿತು. ಲಕ್ಕಪ್ಪ.

“ಸಾಹೇಬ್ರ, ಮುಳುಗೇನ್ರಿ! ನಿನ್ನೆ ಕೆಲಸದಾವ್ರು ಬಂದಿಲ್ಲ. ಪ್ಲಾಟಿನ ತುಂಬಾ ಹೂವು ತಾನ ಅರಳಿ ಬಿಟ್ಟಾವು. ಒಂಬತ್ತಕ್ಕ ಕಂಪನಿಯಾವ್ರು ನೋಡಾಕ ಬರ್ತಾರ. ಏನ ಮಾಡ್ಲಿ?”

“ಗಾಬರಿ ಆಗಬ್ಯಾಡ ಲಕ್ಕಪ್ಪ,” ಎಂದೆ. ಕಣ್ಣು ಗೋಡೆಯ ಮೇಲೇ ಇತ್ತು. “ತಾನ ಅರಳಿದ್ದು ಒಂದೂ ಉಳೀಬಾರದು. ಈ ಸಾಲು ಹಿಡಿ, ಬುಡದಿಂದ ತುದೀತನಕ ಹೋಗು. ಹೆಬ್ಬಟ್ಟು, ತೋರಬಟ್ಟು, ಹಿಂಗ ಹಿಡಿ, ಚಟ್ ಅಂತ ಮುರಿ. ಕೆಳಗ ಒಗೀಬ್ಯಾಡ, ಬದುವಿನ ಆಚೆ ಒಗಿ. ಹಿಂಗ… ಹಿಂಗ… ಲಗೂ ಲಗೂ…”

ಹಿಂದೆ ಕಪ್ಪು-ಬಸಿಗಳ ಸದ್ದು ನಿಂತುಹೋಗಿತ್ತು. ತಿರುಗಿದೆ. ಕಟ್ಟೆಯ ಮೇಲಿನ ನಾಲ್ಕೂ ಹೆಂಗಸರು ಬಾಯಿ ತೆರೆದು ನೋಡುತ್ತಿದ್ದರು. ಗಿಡವನ್ನಲ್ಲ, ನನ್ನ ಬಲಗೈಯನ್ನು. ನಾನೂ ನೋಡಿದೆ. ಮುಷ್ಟಿ ತುಂಬ ಹಳದಿ ಹೂವಿತ್ತು. ನಾನು ನೋಡುತ್ತಿದ್ದಂತೆಯೇ, ಆ ಕೈ ತಾನಾಗಿಯೇ ಮೇಲೆದ್ದು ಹೂವನ್ನು ಗೋಡೆಯಾಚೆ ಒಗೆಯಿತು. ಆಚೆಯಿಂದ ಆಡು ಸಂತೋಷದಿಂದ ಕೂಗಿತು.

ಓದುಗರಿಗೆ ವಿವರ ಕೊಡಬೇಕು. ಹೈಬ್ರಿಡ್ ಬೀಜದ ಪ್ಲಾಟಿನಲ್ಲಿ ಕೈಯಿಂದ ಪರಾಗ ಮುಟ್ಟಿಸಿದ ಹೂವು ಮಾತ್ರ ಕಾಯಿ ಕಟ್ಟಬೇಕು. ತಾನಾಗಿ ಅರಳಿದ ಹೂವು ಉಳಿದರೆ ಬೀಜವೆಲ್ಲ ಕಲಬೆರಕೆ. ಆದ್ದರಿಂದ ಸೂಪರ್‌ವೈಸರನಾದವನು ಸಾಲಿನಲ್ಲಿ ಅಡ್ಡಾಡುತ್ತ, ಅರಳಿದ ಹಳದಿ ಹೂವು ಕಂಡಕಂಡಲ್ಲಿ ಚಿವುಟಿ ಒಗೆಯುತ್ತಾನೆ. ಇಪ್ಪತ್ತೆಂಟು ವರ್ಷ ನನ್ನ ಬೆರಳು ಇದನ್ನೇ ಮಾಡಿವೆ. ನಿವೃತ್ತಿಯ ಪತ್ರ ನನಗೆ ಬಂದಿತ್ತು, ಬೆರಳುಗಳಿಗೆ ಯಾರೂ ಕೊಟ್ಟಿರಲಿಲ್ಲ.

ದ್ರಾಕ್ಷಾಯಿಣಿ ಇಳಿದು ಬಂದು ನನ್ನ ಕೈಯಿಂದ ಫೋನು ಕಸಿದುಕೊಂಡಳು. “ಲಕ್ಕಪ್ಪಣ್ಣ, ಇವರು ಇನ್ನ ಮ್ಯಾಲೆ ಸಿಗಂಗಿಲ್ಲ,” ಎಂದು ಕಟ್ ಮಾಡಿದಳು. ಗಿಡದಲ್ಲಿ ಒಂಬತ್ತು ಹೂವು ಉಳಿದಿದ್ದವು. ಅವಳ ಕಣ್ಣಲ್ಲಿ ನೀರಿತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ನಮ್ಮನ್ನು ಉಳಿಸಿದ್ದು ಸೋಮವ್ವ. ಆಕೆ ನಕ್ಕು ನಕ್ಕು ಚಹಾ ಚೆಲ್ಲಿಕೊಂಡು, “ಯವ್ವಾ ದ್ರಾಕ್ಷಾಯಿಣಿ, ಇಂಥಾ ಹುಳ ಬಡದ್ರೂ ಗಿಡ ಉಳಸೀಯಲ್ಲ, ನೀ ಪಾಸು! ಹಾವೇರಿ ಮೇಡಂ ಬರೂತನಕ ಈ ಹುಳಕ್ಕೊಂದು ಔಷಧ ಹೊಡಿ” ಎಂದಳು.

ಔಷಧ ಅಂದೇ ಜಾರಿಯಾಯಿತು. ಹದಿನೈದು ದಿನ ನನಗೆ ಅಂಗಳ ಬಂದ್. ಹೋಗುವುದು ಬರುವುದು ಹಿತ್ತಲ ಬಾಗಿಲಿನಿಂದ. ರಮಜಾನಬಿಯ ಮನೆಗೆ ಹೋಗಿ ಆಕೆಯ ಮುಂದೆಯೂ, ಆಡುಗಳ ಮುಂದೆಯೂ ತಪ್ಪಾಯಿತೆಂದು ಹೇಳಿ ಬರುವುದು. ಹಾವೇರಿಯವರು ಬರುವ ದಿನ ಮನೆಯಲ್ಲೇ ಇರಕೂಡದು. ಹಾಗಾಗಿ ಆ ಬೆಳಿಗ್ಗೆ ನಾನು ಕುಳಿತದ್ದು ರಮಜಾನಬಿಯ ಅಂಗಳದಲ್ಲಿ, ಗೋಡೆಗೆ ಕಿವಿ ಹಚ್ಚಿ. ತುಟಿ ಪಿಟ್ಟೆನ್ನಬಾರದೆಂದು ಷರತ್ತಾಗಿತ್ತು.

ಬಂದವರು ಶೈಲಾ ಮೇಡಂ, ತೋಟಗಾರಿಕೆ ಕಲಿಸಿ ನಿವೃತ್ತರಾದವರು, ಬಹಳ ಕಟ್ಟುನಿಟ್ಟು ಎಂದು ಹೆಸರು. ಅವರು ಗಿಡವನ್ನು ಸುತ್ತುವ ಚಪ್ಪಲಿ ಸದ್ದು ಕೇಳುತ್ತಿತ್ತು. ಮಾತಿಲ್ಲ. ದ್ರಾಕ್ಷಾಯಿಣಿಯ ಬಳೆ ಒಂದು ಸಲ ಸದ್ದು ಮಾಡಿತು. ಅವಳು ಸೆರಗು ಹಿಂಡುತ್ತಿದ್ದಾಳೆಂದು ನನಗೆ ಗೊತ್ತು.

“ಇಂಥ ಟೆಕೋಮಾ ನಾನು ಜಿಲ್ಲೆಯೊಳಗ ನೋಡಿಲ್ಲ,” ಎಂದರು ಮೇಡಂ ಕಡೆಗೆ. “ಎಲ್ಲಾರ ಮನ್ಯಾಗ ಕೋಲಿನಂಗ ಉದ್ದ ಬೆಳದು, ತುದಿಗೆ ನಾಕ್ ಹೂವು. ಇದು ನೋಡ್ರಿ, ಎಷ್ಟು ಟೊಂಗಿ ಒಡದಾವ, ಟೊಂಗಿಗೊಂದು ಗೊಂಚಲು! ಇದಕ್ಕ ಬಿಸಲೊಂದ ಸಾಲೂದಿಲ್ಲ. ಯಾರೋ ಎರಡು ಮೂರು ತಿಂಗಳು ದಿನಾ ತಪ್ಪದ ಹೂವು ಚಿವುಟ್ಯಾರ. ಒಂದೂ ಕಾಯಿ ಆಗಾಕ ಬಿಟ್ಟಿಲ್ಲ. ಭಾಳ ಪಳಗಿದ ಕೈ. ಯಾರದ್ರಿ ಇದು?”

ನನ್ನ ಎದೆ ಉಬ್ಬಿತು. ಇಪ್ಪತ್ತೆಂಟು ವರ್ಷದಲ್ಲಿ ಕಂಪನಿಯ ಒಬ್ಬನೂ ಆಡದ ಮಾತು! ನಾನು ಎದ್ದುನಿಂತೆ, ಗೋಡೆಯ ಮೇಲೆ ಮುಖ ತೂರಿಸಲು ಕಲ್ಲು ಹತ್ತಿದೆ.

“ನಂದ ರೀ ಮೇಡಂ,” ಎಂದಳು ದ್ರಾಕ್ಷಾಯಿಣಿ. ಧ್ವನಿಯಲ್ಲಿ ಒಂದಿಷ್ಟೂ ನಡುಕವಿರಲಿಲ್ಲ. “ದಿನಾ ಮುಂಜಾನೆ ಏಳೂವರಿಗೆ.”

ನಾನು ಬಾಯಿ ತೆರೆದೆ. ರಮಜಾನಬಿ ಅಂಗಿ ಹಿಡಿದು ಕೆಳಗೆಳೆದಳು.

“ಸುಮ್ನ ಕುಂದರ್ರಿ ಸಾಹೇಬ್ರ,” ಎಂದಳು ಪಿಸುದನಿಯಲ್ಲಿ. “ಕಳವು ಆಡಿನ ಮ್ಯಾಲೆ ಹಾಕಿದಾಗ ಆಡು ಏನರ ಅಂದ್ವೇನು?”

ಕುಳಿತೆ.

ಮೊದಲ ಬಹುಮಾನ ಬಂತು. ಪೇಪರಿನಲ್ಲಿ ಫೋಟೋ ಬಂತು, ಗಿಡದ ಮುಂದೆ ಆಕೆ ಒಬ್ಬಳೇ. ಈಗ ಬ್ಯಾಡಗಿ, ಹಾವೇರಿಯಿಂದೆಲ್ಲ ಹೆಂಗಸರು ಚಿವುಟುವ ವಿದ್ಯೆ ಕಲಿಯಲು ಬರುತ್ತಾರೆ. ಆಕೆಗೆ ಆ ವಿದ್ಯೆ ಬಾರದು. ಆದ್ದರಿಂದ ನನಗೆ ಅಂಗಳದ ಬಂದ್ ತೆರವಾಗಿದೆ. ದಿನಾ ಏಳೂವರೆಗೆ ನಾನು ಗಿಡದ ಮುಂದೆ ಬಗ್ಗಿ ನಿಲ್ಲುತ್ತೇನೆ. ಆಕೆ ಕಟ್ಟೆಯ ಮೇಲೆ ಛತ್ರಿ ಹಿಡಿದು ನಿಂತು, ಬಂದವರಿಗೆ ನನ್ನ ಕೈ ತೋರಿಸಿ ವಿವರಿಸುತ್ತಾಳೆ. ನಿನ್ನೆ ಒಬ್ಬಾಕೆಗೆ ನಾನೇ ಏನೋ ತಿಳಿಸಿಹೇಳಲು ಹೋದೆ. ಅದೇ ಛತ್ರಿ ಹಿಡಿದು ಬದುವಿನ ಮೇಲೆ ನಿಂತು ಇಪ್ಪತ್ತೆಂಟು ವರ್ಷ ನಾನು ಕೂಲಿ ಹೆಂಗಸರಿಗೆ ಹೇಳುತ್ತಿದ್ದ ಮಾತು, ಅದೇ ರಾಗದಲ್ಲಿ ಹಿಂದಿನಿಂದ ಬಂತು:

“ಮಾತು ಕಡಿಮಿ ಮಾಡ್ರಿ. ಕೈ ಲಗೂ ನಡೀಲಿ.”