ಷಡ್ಡಕನ ಟೋಸ್ಟೂ ನನ್ನ ಹೊಟ್ಟೆಯುರಿಯೂ

"ನಾಳೆ ಬೆಳಗ್ಗೆ ಅಡುಗೆಮನೆಗೆ ಯಾರೂ ಕಾಲಿಡಕೂಡದು. ತಿಂಡಿ ನನ್ನದು!"

ಶನಿವಾರ ಊಟದ ಮೇಜಿನಲ್ಲಿ ನಾನು ಹೀಗೆ ಘೋಷಿಸಿದಾಗ ನನಗೇ ಮೈ ಜುಮ್ಮೆಂದಿತು. ದಂಡಯಾತ್ರೆ ಸಾರಿದ ಚಕ್ರವರ್ತಿಗೂ ನನಗೂ ಆ ಕ್ಷಣದಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ಚಕ್ರವರ್ತಿಯ ಮಾತಿಗೆ ಸೈನ್ಯ ಜಯಕಾರ ಹಾಕುತ್ತದೆ. ನನ್ನ ಮಾತಿಗೆ ನನ್ನವಳು ತಲೆಯೆತ್ತದೆ ಕೇಳಿದಳು:

"ಬ್ರೆಡ್ಡು ಎಲ್ಲಿದೆ ಅಂತಾದ್ರೂ ಗೊತ್ತಾ?"

"ಗೊತ್ತಿಲ್ಲದೆ ಏನು? ಬ್ರೆಡ್ಡಿನ ಡಬ್ಬೀಲಿ."

"ನಮ್ಮನೇಲಿ ಬ್ರೆಡ್ಡಿನ ಡಬ್ಬಿನೇ ಇಲ್ಲ!"

ನನ್ನ ಈ ಪರಾಕ್ರಮಕ್ಕೆಲ್ಲ ಕಾರಣ ನನ್ನ ಷಡ್ಡಕ. ನಾದಿನಿಯ ಗಂಡ, ಕಸುಬಿನಲ್ಲಿ ಈಜು ಮಾಸ್ತರ. ಅವರ ಮನೆಯ ನೀರಿನ ಪೈಪು ಒಡೆದು ಗೋಡೆ ಅಗೆಯುತ್ತಿದ್ದರು. ನೀರಿನವನ ಮನೆಯಲ್ಲೇ ನೀರಿನ ಕಾಟವೆಂದು ಕೇಳಿ ನಾನು ಒಳಗೊಳಗೇ ಹಿಗ್ಗಿದ್ದೆ. ಗಂಡಹೆಂಡತಿ ಸೂಟ್‌ಕೇಸು ಹಿಡಿದು ನಮ್ಮ ಬಾಗಿಲಿಗೇ ಬಂದು ನಿಂತಾಗ ಆ ಹಿಗ್ಗು ಇಂಗಿಹೋಯಿತು.

ಬಂದವನು ಸುಮ್ಮನೆ ಕೂತನೇ? ಮರುದಿನವೇ "ಅಕ್ಕಾ, ನೀವು ಕೂತ್ಕೊಳ್ಳಿ, ತಿಂಡಿ ನಾನ್ ಮಾಡ್ತೀನಿ" ಎಂದು ಎದ್ದ. ಮೊಟ್ಟೆ, ಹಾಲು, ಗಟ್ಟಿ ಮೊಸರು, ಚಕ್ಕೆಪುಡಿ, ಜೊತೆಗೆ ತನ್ನದೇ ಡಬ್ಬಿಯಿಂದ ಪ್ರೋಟೀನ್ ಪುಡಿ. ಎಲ್ಲ ಕದಡಿ, ಬ್ರೆಡ್ಡು ಅದ್ದಿ, ಪ್ಯಾನಿನಲ್ಲಿ ಬೇಯಿಸಿ, ಅದನ್ನು ಗಾಳಿಯಲ್ಲಿ ಲಾಗ ಹಾಕಿಸಿ ಮತ್ತೆ ಪ್ಯಾನಿಗೇ ಇಳಿಸಿದ. ಅದಕ್ಕೆ ಹೆಸರು ಪ್ರೋಟೀನ್ ಫ್ರೆಂಚ್ ಟೋಸ್ಟು. ನನ್ನವಳು ಚಪ್ಪಾಳೆ ತಟ್ಟಿದಳು! ಮದುವೆಯಾದಂದಿನಿಂದ ನನ್ನೆದುರು ಅವಳು ಚಪ್ಪಾಳೆ ತಟ್ಟಿದ್ದು ಸೊಳ್ಳೆ ಹೊಡೆಯುವಾಗ ಮಾತ್ರ.

ಸಾಲದ್ದಕ್ಕೆ ಅವನ ಸೊಂಟದಲ್ಲಿ ನನ್ನ ಏಪ್ರನ್ನು. ನನಗೆ ಅದರ ದಾರ ಗಂಟು ಹಾಕಲೂ ಸಾಲುವುದಿಲ್ಲ. ಅವನಿಗೆ ಅದೇ ದಾರ ಎರಡು ಸುತ್ತು ಬಂದು, ಹೂವಿನಂಥ ಗಂಟಿಗೂ ಮಿಕ್ಕಿತು!

ನಮ್ಮ ಜೊತೆಯಲ್ಲೇ ಇರುವ ಅತ್ತೆಯವರು ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದರು. "ಎಂಥಾ ಕೈಯಪ್ಪಾ ನಿಂದು!" ಎಂದರು. ಗಮನಿಸಿ: ನನಗೆ ಯಾವಾಗಲೂ "ಅಳಿಯಂದ್ರೇ, ನೀವು", ಅವನಿಗೆ "ಅಪ್ಪಾ, ನೀನು". ಮರ್ಯಾದೆಯೆಲ್ಲ ನನಗೆ, ಪ್ರೀತಿಯೆಲ್ಲ ಅವನಿಗೆ!

ನಾನೇನು ಕಮ್ಮಿ ಕಸುಬಿನವನೇ? ದಂತವೈದ್ಯರಿಗೆ ಕಟ್ಟುಹಲ್ಲಿನ ಸೆಟ್ಟು ಮಾಡಿಕೊಡುವವನು. ಬೀದಿಯಲ್ಲಿ ಯಾರಾದರೂ ನಕ್ಕರೆ, ಅದು ಅವರ ಹಲ್ಲೋ ನನ್ನ ಹಲ್ಲೋ ಎಂದು ಮೊದಲು ನೋಡುವವನು. ಅತ್ತೆಯ ಬಾಯಲ್ಲಿ ಹೊಳೆಯುತ್ತಿದ್ದ ಸೆಟ್ಟೂ ನನ್ನದೇ ಕೃತಿ. ನಾನು ಕೊಟ್ಟ ಹಲ್ಲಿನಲ್ಲಿ ಅವನ ಟೋಸ್ಟು ಅಗಿದು, ಅದೇ ಹಲ್ಲು ಬಿಟ್ಟು ಅವನನ್ನು ನೋಡಿ ನಕ್ಕರೆ ಯಾರ ಹೊಟ್ಟೆ ಉರಿಯುವುದಿಲ್ಲ, ನೀವೇ ಹೇಳಿ!

ಘೋಷಣೆಯ ರಾತ್ರಿ ಪಾತ್ರೆ ಒರೆಸುತ್ತಾ ನನ್ನವಳು ಮೆಲ್ಲಗೆ ಕೇಳಿದಳು:

"ನಿಮ್ಗೆ ಹೊಟ್ಟೆಕಿಚ್ಚಾ?"

"ನನಗಾ? ಆ ಜಲಚರದ ಮೇಲಾ? ಛೆ!"

"ಮತ್ಯಾಕೆ ಹಲ್ಲು ಕಡೀತಿದೀರಿ?"

"ಕಸುಬು! ಅಭ್ಯಾಸಬಲ!"

ಭಾನುವಾರ ಬೆಳಗ್ಗೆ ಮಕ್ಕಳಿಗೆ ಈಜು ಕಲಿಸಲು ಮಾಸ್ತರ ಹೊರಟ. ನಾದಿನಿಯೂ ಗೋಡೆ ಕೆಲಸ ಎಲ್ಲಿಗೆ ಬಂತೆಂದು ನೋಡಲು ಅವನ ಜೊತೆಗೇ ಹೋದಳು. ರಣರಂಗ ಖಾಲಿ! ಒಳಹೊಕ್ಕು ಚಿಲಕ ಹಾಕಿದೆ. ಬ್ರೆಡ್ಡು ಫ್ರಿಜ್ಜಿನ ಮೇಲೆ ಸಿಕ್ಕಿತು. ಪಕ್ಕದಲ್ಲೇ ಅವನ ಪ್ರೋಟೀನ್ ಡಬ್ಬಿ, ಮುಚ್ಚಳದ ಮೇಲೆ ತೋಳು ಮಡಚಿ ನಿಂತ ಗಂಡಸಿನ ಚಿತ್ರ. ಅವನೂ ನನ್ನನ್ನು ನೋಡಿ ನಗುತ್ತಿದ್ದ.

ಮಾಸ್ತರ ಹಾಕುತ್ತಿದ್ದದ್ದು ಒಂದು ಚಮಚ. ಒಂದು ಚಮಚಕ್ಕೇ ಅಂಥ ತೋಳು ಬರುವುದಾದರೆ, ಲೆಕ್ಕ ನೀವೇ ಹಾಕಿ! ಅವನ ಪುಡಿಯಿಂದಲೇ ಅವನನ್ನು ಪುಡಿಗಟ್ಟುತ್ತೇನೆಂದು ಮೊಟ್ಟೆ ಹಾಲಿನ ಬಟ್ಟಲಿಗೆ ಡಬ್ಬಿಯನ್ನೇ ಬಗ್ಗಿಸಿದೆ. ಪುಡಿ ಕಲಸುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಲ್ಲಿನ ಅಚ್ಚಿಗೆ ದಿನವೂ ಕಲ್ಲುಪುಡಿ ಕಲಸುವ ಕೈ ಇದು. ಗುಳ್ಳೆ ಉಳಿಯಬಾರದೆಂದು ಬಟ್ಟಲನ್ನು ಕಟ್ಟೆಗೆ ಕುಟ್ಟಿ ಕುಟ್ಟಿ ಕಲಸಿದೆ. ಹಿಟ್ಟು ಬೆಣ್ಣೆಯ ಹಾಗಾಯಿತು, ಆಮೇಲೆ ಮೇಣದ ಹಾಗಾಯಿತು. ಚಮಚ ನೆಟ್ಟಗೆ ನಿಂತಿತು. ನನ್ನ ಕಸುಬಿನಲ್ಲಿ ಇದಕ್ಕಿಂತ ಒಳ್ಳೆಯ ಲಕ್ಷಣವಿಲ್ಲ!

ಬ್ರೆಡ್ಡು ಅದರಲ್ಲಿ ಮುಳುಗಲು ಒಪ್ಪಲಿಲ್ಲ. ಗಾರೆಯವರ ಹಾಗೆ ಎರಡೂ ಕಡೆ ಮೆತ್ತಿ ಪ್ಯಾನಿಗೆ ಹಾಕಿ, ಒಲೆಯ ಉರಿಯನ್ನು ಹೊಟ್ಟೆಯ ಉರಿಗೆ ಸಮವಾಗಿ ಏರಿಸಿದೆ.

ಬಾಗಿಲ ಮೇಲೆ ದಬದಬ ಶಬ್ದ.

"ರೀ, ಏನೋ ಸುಟ್ಟ ವಾಸನೆ!"

"ವಾಸನೆ ಅಲ್ಲ ಕಣೇ, ಪರಿಮಳ!"

"ಸಂದಿಯಿಂದ ಹೊಗೆ ಬರ್ತಿದೆ!"

"ಹಬೆ! ಅದು ಹಬೆ!"

"ಹಬೆ ಕಪ್ಪಗಿರತ್ತೇನ್ರೀ? ಚಿಲಕ ತೆಗೀರಿ!"

"ಕಲಾವಿದನಿಗೆ ಏಕಾಂತ ಬೇಕು!"

ಇನ್ನು ಲಾಗ ಹಾಕಿಸುವುದೊಂದು ಬಾಕಿ. ಅದಿಲ್ಲದೆ ಚಪ್ಪಾಳೆ ಎಲ್ಲಿಂದ ಬಂದೀತು? ಪ್ಯಾನನ್ನು ಜಾಡಿಸಿದೆ. ಟೋಸ್ಟು ಕದಲಲಿಲ್ಲ. ಇನ್ನಷ್ಟು ಜಾಡಿಸಿದೆ. ಊಹೂಂ. ಪ್ಯಾನನ್ನೇ ಬೋರಲು ಹಿಡಿದೆ. ಬಾವಲಿಯ ಹಾಗೆ ನೇತಾಡುತ್ತಿತ್ತು, ಬೀಳಲಿಲ್ಲ! ಸೆಟ್ಟುಗಳು ಗಿರಾಕಿಗಳ ವಸಡಿಗೆ ಹೀಗೆ ಅಂಟಿ ಕೂರಲೆಂದು ನಾನು ಎಷ್ಟು ವರ್ಷ ಒದ್ದಾಡಿದ್ದೇನೆ! ಕೊನೆಗೆ ಮೈಯೆಲ್ಲ ಬಲ ಹಾಕಿ ಒಂದು ಬೀಸು ಬೀಸಿದೆ. ಪ್ಯಾನು ಟೋಸ್ಟಿನ ಸಮೇತ ಹಾರಿಹೋಗಿ ಸಿಂಕಿನಲ್ಲಿ ಬಿತ್ತು. ಕೈಯಲ್ಲಿ ಹಿಡಿ ಮಾತ್ರ ಉಳಿಯಿತು. ಹಾರಿದ್ದಂತೂ ನಿಜ!

ಸೌಟಿನ ತುದಿಯಿಂದ ಕೆತ್ತಿ ಕೆತ್ತಿ ಟೋಸ್ಟುಗಳನ್ನು ಎಬ್ಬಿಸುವಷ್ಟರಲ್ಲಿ ಬೆರಳೂ ಸುಟ್ಟುಕೊಂಡೆ. ಕರಿ ಮುಚ್ಚುವಷ್ಟು ಜೇನುತುಪ್ಪ ಸುರಿದು ಮೇಜಿಗೆ ತಂದಿಟ್ಟೆ.

ನನ್ನವಳು ಚಾಕು ಹಾಕಿದಳು. ಟೋಸ್ಟು ತುಂಡಾಗಲಿಲ್ಲ. ತಟ್ಟೆ ಜಾರಿಕೊಂಡು ಅತ್ತೆಯ ಮುಂದೆ ಹೋಗಿ ನಿಂತಿತು.

"ಸುಮ್ನಿರೇ" ಎಂದರು ಅತ್ತೆ. "ಪಾಪ, ಅಳಿಯಂದ್ರು ಬೆಳಗ್ಗಿಂದ ಒದ್ದಾಡಿ ಮಾಡಿದ್ದಾರೆ. ಅವರು ಕೊಟ್ಟ ಹಲ್ಲಿದೆ, ನಾನು ತಿಂತೀನಿ."

"ಧೈರ್ಯವಾಗಿ ಕಡೀರಿ ಅತ್ತೆ! ಆ ಸೆಟ್ಟಿಗೆ ಏನೂ ಆಗಲ್ಲ."

ಅತ್ತೆ ಎರಡೂ ಕೈಯಲ್ಲಿ ಹಿಡಿದು ಕಚ್ಚಿದರು. "ಟಪ್" ಎಂದಿತು. ಟೋಸ್ಟು ಬಾಯಿಂದ ಹೊರಬಂದಾಗ ಸೆಟ್ಟಿನ ಅರ್ಧ ಭಾಗ ಅದರಲ್ಲೇ ನಾಟಿಕೊಂಡಿತ್ತು. ಇನ್ನರ್ಧ ಅತ್ತೆಯ ಮಡಿಲಲ್ಲಿ.

"ಅಯ್ಯಂದ್ಯೇ, ನನ್ ಹಯ್ಯು!" ಎಂದರು ಅತ್ತೆ.

ಆ ಹೊತ್ತಿನಲ್ಲಿ ಯಾವ ಅಳಿಯನಾದರೂ ಕಾಲಿಗೆ ಬೀಳುತ್ತಿದ್ದ. ನಾನು ಟೋಸ್ಟನ್ನು ಬೆಳಕಿಗೆ ಹಿಡಿದು "ಆಹಾ, ಎಂಥಾ ಅಚ್ಚು!" ಎಂದುಬಿಟ್ಟೆ. ಬಾಯಿಂದ ಬಿದ್ದ ಮೇಲೆ ಏನು ಮಾಡುವುದು, ಮಾತಾಗಲಿ ಹಲ್ಲಾಗಲಿ!

"ರೀ," ನನ್ನವಳ ದನಿ ತಣ್ಣಗಿತ್ತು, "ನೀವು ಮಾಡಿದ ಹಲ್ಲು ಗಟ್ಟಿನೋ, ನೀವು ಮಾಡಿದ ತಿಂಡಿ ಗಟ್ಟಿನೋ?"

"ಎರಡೂ ನನ್ನದೇ ಅಲ್ವೇನೇ..."

ಅವಳು ಗಂಭೀರವಾಗಿರಲು ತುಂಬ ಪ್ರಯತ್ನಪಟ್ಟಳು. ಆಗಲಿಲ್ಲ. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಗುತ್ತಲೇ ನನ್ನ ಸುಟ್ಟ ಬೆರಳನ್ನು ಎಳೆದುಕೊಂಡು ಹೋಗಿ ನಲ್ಲಿಯ ಕೆಳಗೆ ಹಿಡಿದಳು.

"ಅವ್ರು ಟೋಸ್ಟು ಹಾರಿಸಿದ್ರು ಅಂತ ಚಪ್ಪಾಳೆ ತಟ್ಟಿದೆ. ನೀವು ಏನೂ ಹಾರಿಸದೆ ಕೂತಿದ್ರೇ ಸಾಕಿತ್ತು ನನಗೆ!"

ಬೆರಳಿನ ಉರಿ ಸ್ವಲ್ಪ ಇಳಿಯಿತು. ಹೊಟ್ಟೆಯದೂ ಇಳಿಯುತ್ತಿತ್ತು. ಅಷ್ಟರಲ್ಲಿ ಬಾಗಿಲು ತೆರೆದು, ಒದ್ದೆ ಕೂದಲು ಹಿಂದಕ್ಕೆ ಬಾಚಿಕೊಂಡು, ಹೆಂಡತಿಯನ್ನು ತಮ್ಮ ಮನೆಯಲ್ಲೇ ಗೋಡೆ ಕೆಲಸದವರ ಜೊತೆ ಬಿಟ್ಟು, ಮಾಸ್ತರ ಒಬ್ಬನೇ ಒಳಗೆ ಬಂದ. ಹೊಗೆ ನೋಡಿದ. ಹಿಡಿಯಿಲ್ಲದ ಪ್ಯಾನು ನೋಡಿದ. ತನ್ನ ಖಾಲಿ ಡಬ್ಬಿ ನೋಡಿದ. ನಗಲಿಲ್ಲ! ನಕ್ಕಿದ್ದರೆ ನಾನು ಜಗಳವಾದರೂ ಆಡುತ್ತಿದ್ದೆ. ಮನುಷ್ಯ ಒಳ್ಳೆಯವನು, ಅದೇ ಅವನ ದೊಡ್ಡ ದುರ್ಗುಣ.

"ಅಣ್ಣಾ, ಪರವಾಗಿಲ್ಲ. ನಾನೂ ಮೊದಲ ಸಲ ಹೀಗೇ ಮಾಡಿದ್ದೆ" ಎಂದ. ಸುಳ್ಳೆಂದು ಮುಖದಲ್ಲೇ ಬರೆದಿತ್ತು. "ಡಬ್ಬಿ ತಳದಲ್ಲಿ ಒಂಚೂರಿದೆ, ಸಾಕು. ನೀವು ಈ ಹಾಲು ಹಿಡ್ಕೊಳ್ಳಿ."

ನಾನು ಹಾಲು ಹಿಡಿದು ನಿಂತೆ. ಚಕ್ರವರ್ತಿ ಹೋಗಿ ಸಹಾಯಕನಾಗಿದ್ದೆ! ಅವನು ಪುಡಿಯನ್ನು ಮೊದಲು ಹಾಲಿನಲ್ಲಿ ಕರಗಿಸಿದ, ಬ್ರೆಡ್ಡನ್ನು ಆತುರವಿಲ್ಲದೆ ನೆನೆಯಲು ಬಿಟ್ಟ, ಇನ್ನೊಂದು ಪ್ಯಾನಿನಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿದ. ಈ ಸಲ ಗಾಳಿಗೆ ಹಾರಿಸಲಿಲ್ಲ. ನನ್ನ ಮುಖ ನೋಡಿ, ಸುಮ್ಮನೆ ಸೌಟಿನಿಂದ ಮಗುಚಿದ. ಅದು ಇನ್ನೂ ಉರಿಸಿತು.

ಮೊದಲ ತಟ್ಟೆ ಅತ್ತೆಗೆ. ಹಲ್ಲಿಲ್ಲದ ಬಾಯಿಗೆ ಒಂದು ತುಂಡು ಹೋಯಿತು. ನಾಲಿಗೆ ಅತ್ತ ಇತ್ತ ಆಡಿತು. ಇನ್ನೊಂದು ಹೋಯಿತು. ತಟ್ಟೆ ಖಾಲಿ!

ನಾನು ತಗ್ಗಿದ ದನಿಯಲ್ಲಿ ಹೇಳಿದೆ: "ಅತ್ತೆ, ನನ್ನ ಹಲ್ಲಿನ ಅಂಗಡಿಯ ಬಾಗಿಲು ಈಗಲೇ ತೆಗೀತೀನಿ. ಸಂಜೆಯೊಳಗೆ ಸೆಟ್ಟು ಜೋಡಿಸಿ ತಂದ್ಕೊಡ್ತೀನಿ."

ಅತ್ತೆ ನನ್ನ ಕಡೆ ಕರುಣೆಯಿಂದ ನೋಡಿದರು. ಹಲ್ಲಿಲ್ಲದವರ ಮಾತು ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಆದ್ದರಿಂದ ತಿದ್ದಿಯೇ ಬರೆಯುತ್ತಿದ್ದೇನೆ:

"ಬೇಡಿ ಅಳಿಯಂದ್ರೇ, ಭಾನುವಾರ ನೀವ್ಯಾಕೆ ದಣೀತೀರಿ? ಇವನ ಕೈ ತಿಂಡಿ ಇದ್ರೆ ಹಲ್ಲೇ ಬೇಕಾಗಿಲ್ಲ!"

ಒಂದೇ ಮಾತಿನಲ್ಲಿ ನನ್ನ ಅಡುಗೆಯೂ ಹೋಯಿತು, ಕಸುಬೂ ಹೋಯಿತು! ಎದ್ದು ನಿಂತು ಪ್ರತಿಭಟಿಸೋಣವೆಂದರೆ ಬಾಯಿ ತೆರೆಯುವಂತಿರಲಿಲ್ಲ. ಒಳಗೆ ಷಡ್ಡಕನ ಟೋಸ್ಟಿತ್ತು, ಅದೂ ಎರಡನೆಯದು!