ಮೊಟ್ಟೆಗಳ ಜೊತೆ ಮಾತುಕತೆ

ಒಂಟಿ ಮನುಷ್ಯನ ಮನೆಯಲ್ಲಿ ನಗುವಂಥದ್ದು ಏನು ನಡೆದೀತು ಎನ್ನುವವರಿದ್ದಾರೆ. ಅವರು ಕೋಳಿ ಸಾಕಿಲ್ಲ, ಅಷ್ಟೇ. ತೊಂಬತ್ತರ ದಶಕದಲ್ಲಿ ನಾನು ಪುಣೆಯ ಧನಕವಡಿಯಲ್ಲಿದ್ದೆ. ಕಾರ್ಖಾನೆಯಲ್ಲಿ ರಾತ್ರಿಪಾಳಿ. ಹೆಂಡತಿ ವಿಜಾಪುರದ ಕಡೆ ಸರಕಾರಿ ಶಾಲೆಯ ಟೀಚರು; ಅವಳ ನೌಕರಿ ರಾಜ್ಯ ದಾಟುವಂತಿರಲಿಲ್ಲ. ಹಗಲೆಲ್ಲ ಮನೆ ಬಿಕೋ ಎನ್ನುತ್ತಿತ್ತು. ಅದಕ್ಕೇ ಹಿತ್ತಲಲ್ಲಿ ಮಾಂಸದ ಕೋಳಿ ಸಾಕಿ, ಮರಿ ಮಾಡಿಸೋಣವೆಂದು ಹೊರಟೆ.

ಹುಂಜನ ಹೊಟ್ಟೆ

ಬಾರಾಮತಿಯಿಂದ ಕೋಳಿ ತಂದುಕೊಟ್ಟವನು ನಮ್ಮ ಕಡೆಯವನೇ. "ಮಾಂಸದ ಜಾತಿರಿ ಇದು. ಮರಿ ಬೇಕಂದ್ರ ಹೊಟ್ಟಿತುಂಬಾ ಹಾಕಬ್ಯಾಡ್ರಿ" ಎಂದಿದ್ದ. ಆದರೆ ಒಬ್ಬನೇ ಕೂತು ಉಣ್ಣುವುದು ನನ್ನಿಂದಾಗದು. ನನಗೊಂದು ತುತ್ತು ರೊಟ್ಟಿ, ಅವಕ್ಕೊಂದು ತುತ್ತು. ಹುಂಜ ಊದಿ ಊದಿ, ಹೇಂಟೆ ಎದುರಿಗೆ ಸುಳಿದರೂ ಏಳದಾಯಿತು. ಒಂದು ಮೊಟ್ಟೆಯಲ್ಲೂ ಮರಿ ಕಟ್ಟಲಿಲ್ಲ. ಕೋಳಿ ಕೊಟ್ಟವನು ಮತ್ತೆ ಬಂದು ಹುಂಜನ ಹೊಟ್ಟೆ ನೋಡಿದ, ನನ್ನದನ್ನೂ ನೋಡಿದ. "ಇಬ್ಬರೂ ಕೂಡೇ ಪಥ್ಯಾ ಶುರು ಮಾಡ್ರಿ" ಎಂದ.

ಗೋಡೆಯಾಚೆಯ ದನಿ

ಪಥ್ಯ ಫಲಿಸಿತು. ರಟ್ಟಿನ ಪೆಟ್ಟಿಗೆಯಲ್ಲಿ ಬಲ್ಬು ಹಚ್ಚಿ ಮೊಟ್ಟೆ ಇಟ್ಟೆ. ಆಗಾಗ ಅವನ್ನು ಮಗ್ಗುಲು ತಿರುವಬೇಕು. ಕೈ ಆಡುವಾಗ ಬಾಯಿಯೂ ಆಡತೊಡಗಿತು. ಸೂಪರ್‌ವೈಜರನ ಸಿಟ್ಟು, ಬೇಯದ ಬೇಳೆ, ಎಲ್ಲ ಹೇಳಿಕೊಂಡೆ. ಎಸ್‌ಟಿಡಿ ಬೂತಿನಲ್ಲಿ ಓಡುವ ಮೀಟರು ನೋಡುತ್ತ ಹೆಂಡತಿಗೆ "ಹೂಂ" ಬಿಟ್ಟು ಬೇರೇನೂ ಹೇಳಲಾಗುತ್ತಿರಲಿಲ್ಲ. ಮೊಟ್ಟೆಗಳ ಮುಂದೆ ಮೀಟರಿರಲಿಲ್ಲ.

ಸಂಕ್ರಾಂತಿಗೆ ಪಕ್ಕದ ಮನೆಯ ಮರಾಠಿ ಬಾಯಿ ಅರಿಶಿನ-ಕುಂಕುಮಕ್ಕೆ ಕರೆಯಲು ಬಂದರು. "ವಹಿನಿ ಆಲ್ಯಾ ನಾ?" ಅತ್ತಿಗೆ ಬಂದರಲ್ಲವೇ ಎಂದು ಕೇಳಿದರು. ಗೋಡೆಯಾಚೆ ದಿನವೆಲ್ಲ ನನ್ನ ಕನ್ನಡ ಕೇಳಿ, ಹೆಂಡತಿ ಬಂದಿದ್ದಾಳೆಂದು ತಿಳಿದಿದ್ದರು. ನಾನು ಪೆಟ್ಟಿಗೆ ತೋರಿಸಿದೆ. "ರಥಸಪ್ತಮಿವರೆಗೂ ಕರೆಯುವುದಿದೆ, ನಿಜವಾಗಿ ಬಂದರೆ ಹೇಳಿ" ಎಂದರು. ಬಾಗಿಲಲ್ಲಿ ನಿಂತು ಯೋಚಿಸಿ, "ನಮ್ಮವರು ಮನೆಯಲ್ಲಿ ಬಾಯೇ ಬಿಡುವುದಿಲ್ಲ. ಅವರಿಗೂ ಒಂದು ಡಜನ್ ಕೊಡಿ" ಎಂದು ಹೋದರು.

ಕುಂಕುಮದ ಬದಲು

ಆ ಸಂಜೆ ಹೆಂಡತಿಗೆ "ಬಾ" ಎನ್ನಬೇಕೆಂದೇ ಬೂತಿಗೆ ಹೋದೆ. ಮೀಟರು ನೋಡಿ "ಹೂಂ" ಎಂದು ಬಂದೆ. ಬಹಳ ಬೇಸರವಾಯಿತು.

ಮರಿಗಳೇನೋ ಮೊಟ್ಟೆಯೊಡೆದು ಬಂದವು. ನನ್ನ ದನಿ ಕೇಳಿದರೆ ಸಾಕು, ಓಡಿ ಬರುವವು. ರಥಸಪ್ತಮಿಯ ದಿನ ಬಾಗಿಲು ತೆರೆದರೆ ಹೆಂಡತಿ, ಕೈಯಲ್ಲಿ ಟ್ರಂಕು. ಹೇಳದೆ ಕೇಳದೆ ಬಂದಿದ್ದಳು. ಕುಂಕುಮಕ್ಕೆ ಕರೆದಿದ್ದಾರೆ ಎಂದು ಅವಳಿಗೆ ಹೇಳಿ ಪಕ್ಕದ ಮನೆಗೆ ಓಡಿ, "ಬಂದಿದ್ದಾಳೆ, ಈ ಸಲ ನಿಜ" ಎಂದೆ. ಪಕ್ಕದ ಮನೆಯಾಕೆ ಕನಿಕರದಿಂದ ನಕ್ಕು, ಒಳಗಿಂದ ಮರಿಗಳಿಗೆಂದು ಒಂದು ಬಟ್ಟಲು ಅಕ್ಕಿನುಚ್ಚು ತಂದು ಕೈಗಿಟ್ಟರು.

"ಇದ್ಯಾವ ಊರ ಕುಂಕುಮರಿ?" ಎಂದಳು ಹೆಂಡತಿ. ಎಲ್ಲ ಹೇಳಿದೆ. ಅವಳು ನಗಲಿಲ್ಲ.

"ಇಷ್ಟ ಮಾತು ನಿಮ್ಮ ಹೊಟ್ಟ್ಯಾಗ ಇದ್ವೇನ್ರಿ? ನನಗ ಒಂದ 'ಬಾ' ಅನ್ನಾಕ ಆಗಲಿಲ್ಲ?"

ಉತ್ತರ ಕೊಡಲು ಬಾಯಿ ತೆರೆದೆ. ದನಿ ಕೇಳಿದ್ದೇ ತಡ, ಮರಿಗಳೆಲ್ಲ ಓಡಿಬಂದು ನನ್ನ ಪಾದ ಹತ್ತಿದವು. ಅವಳು ಕಣ್ಣೊರೆಸಿಕೊಂಡು ಟ್ರಂಕಿನ ಮೇಲೆ ಕೂತಳು.

"ಮೊದಲ ಅವಕ್ಕ ಹೇಳಿ ಮುಗಸ್ರಿ. ನನ್ನ ಪಾಳಿ ಬರೂತನಾ ಕುಂತಿರ್ತೀನಿ."