ಒಂದು ವಾಹ್‌ಗಾಗಿ ಇಷ್ಟೆಲ್ಲಾ ಮಿಷನ್ನು

ಮಂದಿ ಮನಿಗೆ ಮಿಷನ್ ಬಂದ್ರ ಕೆಲಸ ಹಗೂರ ಆಗತೈತಿ, ನನ್ನ ಮನಿಗೆ ಬಂದ್ರ ಫಜೀತಿ ಆಗತೈತಿ. ಒಂದು ಫಜೀತಿ ಮುಗದು, ಮಂದಿ ನಗೂದು ನಿಂತು, ನಾ ಮತ್ತ ಕಾಲರ್ ಸರಿ ಮಾಡ್ಕೊಂಡು ಓಣ್ಯಾಗ ತಿರಗ್ಯಾಡಾಕ ಸುರು ಮಾಡಿರ್ತೇನಿ. ಅಷ್ಟ್ರಾಗ ಇನ್ನೊಂದು ಪಾರ್ಸಲ್ ಬಂದು ಬಾಗಲದಾಗ ಕುಂತಿರತೈತಿ.

ನಾನು ಸಂಶಿಯೊಳಗ ಹೈಸ್ಕೂಲ್ ಮಾಸ್ತರ, ವಿಜ್ಞಾನ ಕಲಸ್ತೇನಿ. ವಿಜ್ಞಾನ ಕಲಸ್ತೇನಂದ ಮ್ಯಾಲೆ ಮೊಬೈಲ್, ಟಿವಿ, ಕಂಪ್ಯೂಟರ್ ಎಲ್ಲಾ ನನಗ ಗೊತ್ತಿರಬೇಕು ಅಂತ ಊರವರು ತಿಳಕೊಂಡಾರ. ಅದು ತಪ್ಪು ಅಂತ ನಾನೂ ಯಾವತ್ತೂ ಹೇಳಿಲ್ಲ. ಒಮ್ಮೆ ಎದುರು ಮನಿ ಕಾಕಾ ಯಾವ ಮೊಬೈಲ್ ತಗೋಬೇಕು ಅಂತ ಕೇಳಿದ್ರು. ಪ್ರೊಸೆಸರ್, ರ್‍ಯಾಮ್, ಕ್ಯಾಮೆರಾ ಅಂತ ಒಂದು ತಾಸು ಹೇಳಿದೆ. ಅವರು ಅಗದಿ ಶಾಂತ ಆಗಿ ಕೇಳಿಸ್ಕೊಂಡು, ಬ್ಯಾಟರಿ ಲೈಟ್ ಯಾವುದ್ರಾಗ ಛಲೋ ಇರತೈತಿ ಅದನ್ನ ಹೇಳ್ರಿ ಅಂದ್ರು. ನನಗ ಗೊತ್ತಿರಲಿಲ್ಲ. ಕಡೀಕ ಅವರು ಒಂದು ಗುಂಡಿ ಮೊಬೈಲ್ ತಂದ್ರು. ಈಗ ಕರೆಂಟ್ ಹೋದಾಗ ನಾನು ಅವರ ಮನಿಗೆ ಹೋಗಿ ಲೈಟ್ ಕೇಳ್ತೇನಿ.

ನನಗ ಇನ್ನೊಂದು ರೋಗ ಅಂದ್ರ ಸಂಗೀತ. ಒಂಬತ್ತು ವರ್ಷದಿಂದ ಪ್ರತಿ ರವಿವಾರ ಕುಂದಗೋಳಕ್ಕ ಹೋಗಿ ಗುರುಗಳ ಮುಂದ ಕೂಡ್ತೇನಿ. ಎಂಬತ್ತು ದಾಟಿದ ಹಿರ್‍ಯಾರು. ಅವರ ಪಡಸಾಲ್ಯಾಗ ಅಮಾಸಿಗೊಮ್ಮೆ ಸಂಜೀಮುಂದ ಬೈಠಕ್ ಇರತೈತಿ. ಅಲ್ಲಿ ಹದಿನೈದು ನಿಮಿಷ ಹಾಡಾಕ ಸಿಗಬೇಕು, ಹಾಡಿದ ಮ್ಯಾಲೆ ಗುರುಗಳ ಬಾಯಿಂದ ಒಂದು ‘ವಾಹ್’ ಬರಬೇಕು. ಅಲ್ಲೀತನಕ ಅಂವಾ ಹಾಡುಗಾರ ಅಲ್ಲ, ಜಮಖಾನಿ ಹಾಸಾಂವ. ನನ್ನ ಹಿಂದ ಬಂದವರೆಲ್ಲಾ ವಾಹ್ ಅನಿಸ್ಕೊಂಡು ಮುಂದ ಹೋದ್ರು, ನಾ ಇನ್ನೂ ಜಮಖಾನಿ ಝಾಡಿಸಾಕತ್ತಿದ್ದೆ. ನಾ ಹಾಡಿದ್ದು ಕೇಳಿ ಗುರುಗಳು ಛಲೋನೂ ಅಂತಿರಲಿಲ್ಲ, ಕೆಟ್ಟನೂ ಅಂತಿರಲಿಲ್ಲ. ಇನ್ನೂ ತಿಕ್ಕಬೇಕು ಅಂತ ಒಂದ ಮಾತು. ನಾ ಏನು ಹಿತ್ತಾಳಿ ತಂಬಿಗಿ ಏನು ಅಂತ ಒಳಗೊಳಗ ಸಿಟ್ಟು ಬರ್ತಿತ್ತು.

ಹಂಗಾಗಿ ನಾನು ವೈಜ್ಞಾನಿಕವಾಗಿ ವಿಚಾರ ಮಾಡಿ ಒಂದು ತೀರ್ಮಾನಕ್ಕ ಬಂದೆ. ನನ್ನ ಗಂಟಲದಾಗ ಏನೂ ಕಮ್ಮಿ ಇಲ್ಲ, ಸಾಮಾನು ಸರಿ ಇಲ್ಲ.

೧. ಬಸ್ಸಿಗೆ ಬಂದ ಬ್ಯಾನಿ

ಮೊದಲ ತಂದದ್ದು ಇಲೆಕ್ಟ್ರಾನಿಕ್ ತಂಬೂರಿ. ಊಟದ ಡಬ್ಬಿಯಷ್ಟ ಇರತೈತಿ, ಗುಂಡಿ ಒತ್ತಿದ್ರ ತಂತಿ ಮೀಟಿದಂಗ ಒಂದ ಸವನ ಝೂಂಯ್ ಅಂತೈತಿ. ಇದರ ಬ್ಯಾಟರಿ ಎಂಥಾದ್ದು, ಸ್ಪೀಕರ್ ಎಂಥಾದ್ದು ಅಂತ ಸ್ಟಾಫ್ ರೂಮಿನ್ಯಾಗ ಎರಡು ದಿನ ಭಾಷಣ ಮಾಡಿದೆ. ರವಿವಾರ ಗುರುಗಳಿಗೆ ತೋರಸಬೇಕಂತ ಚೀಲದಾಗ ಹಾಕ್ಕೊಂಡು ಬಸ್ ಹತ್ತಿ, ಚೀಲಾನ ಸೀಟಿನ ಬುಡಕ ತುರುಕಿ ಕುಂತೆ.

ಊರು ದಾಟಿ ಸ್ವಲ್ಪ ಹೋಗಿರಬೇಕು, ಎಲ್ಲಿಂದಲೋ ಒಂದು ಸಪ್ಪಳ ಬರಾಕ ಹತ್ತಿತು. ಡ್ರೈವರ್ ಗೇರ್ ಬದಲಿ ಮಾಡಿದ, ಸಪ್ಪಳ ಬದಲಿ ಆಗಲಿಲ್ಲ. ಗಾಡಿ ನಿಧಾನ ಮಾಡಿದ, ಅದು ನಿಧಾನ ಆಗಲಿಲ್ಲ. ಕಡೀಕ ರಸ್ತೆ ಬಾಜೂಕ ನಿಲ್ಲಿಸಿದ. ಕಂಡಕ್ಟರ್ ನನ್ನ ಗುರ್ತಿನಾಂವ. ಸರ್ ಇಲ್ಲೇ ಅದಾರ, ಅವರನ್ನ ಕೇಳೂಣು ಅಂದ. ಬಸ್ಸಿನ ಮಂದಿ ಎಲ್ಲಾ ನನ್ನ ಕಡೆ ಹೊಳ್ಳಿ ನೋಡಿದ್ರು. ಇಂಥಾ ಹೊತ್ತಿನ್ಯಾಗ ಗೊತ್ತಿಲ್ಲ ಅನ್ನೂ ಗುಣಾ ನನ್ನ ರಕ್ತದಾಗ ಇಲ್ಲ. ಕಣ್ಣು ಮುಚ್ಚಿ ಕೇಳಿದಂಗ ಮಾಡಿ, ಬೇರಿಂಗ್ ಸವದೈತಿ, ಅದೂ ಹಿಂದಿನ ಗಾಲಿದು ಅಂದೆ.

ಡ್ರೈವರ್, ಕಂಡಕ್ಟರ್, ನಾನು ಮೂವರೂ ಇಳದ್ವಿ. ನಾ ಒಗದು ಇಸ್ತ್ರಿ ಮಾಡಿದ ಪ್ಯಾಂಟಿನ್ಯಾಗ ಮೊಣಕಾಲೂರಿ ಗಾಲಿ ಹತ್ರ ಬಗ್ಗಿದೆ. ಇಲ್ಲಿ ಸಪ್ಪಳ ಕೇಳವಲ್ದಲ್ರಿ ಅಂದ ಡ್ರೈವರ್. ಗಾಲಿ ನಿಂತೈತಲ್ಲಪಾ, ಹೆಂಗ ಕೇಳಬೇಕು ಅಂತ ಅದಕ್ಕೂ ಉತ್ತರ ಕೊಟ್ಟೆ. ಅಂವಾ ಹೋಗಿ ಇಂಜಿನ್ ಬಂದ್ ಮಾಡಿದ. ಎಲ್ಲಾ ಥಣ್ಣಗಾತು. ಬಸ್ಸಿನ ಒಳಗಿಂದ ಝೂಂಯ್ ಅನ್ನೂದು ಮಾತ್ರ ಇನ್ನೂ ಛಂದ ಕೇಳಾಕ ಹತ್ತಿತು. ನನ್ನ ಬಾಜೂ ಕುಂತಿದ್ದ ಅಜ್ಜಿ ಕಿಡಕ್ಯಾಗಿಂದ ತಲಿ ಹೊರಗ ಹಾಕಿ, “ಮಾಸ್ತರ, ಗಾಲಿ ಬಿಡ್ರಿ. ನಿಮ್ಮ ಚೀಲ ನರಳಾಕತ್ತೈತಿ ನೋಡ್ರಿ” ಅಂದ್ಲು.

ಆ ಡ್ರೈವರ್ ಈಗೂ ಸಿಗ್ತಾನ. ನಾ ಬಸ್ ಹತ್ತಿದ ಕೂಡಲೇ, ನನ್ನ ಆರೋಗ್ಯ ಬಿಟ್ಟು ಚೀಲದ ತಬ್ಯತ್ ಕೇಳ್ತಾನ.

೨. ಹೊಲದಾಗ ಆಲಾಪ

ಆಮ್ಯಾಲೆ ಬಂದದ್ದು ಕಿವ್ಯಾಗ ಇಡೂ ಬಡ್ಸ್. ಹೊರಗಿನ ಸಪ್ಪಳಾ ಒಂಚೂರೂ ಒಳಗ ಬಿಡೂದಿಲ್ಲ ಅಂತ ಅದರ ಹೆಚ್ಚುಗಾರಿಕಿ. ಬರೇ ತಂಬೂರಿ ಶ್ರುತಿ ಕಿವ್ಯಾಗ ಇಟ್ಕೊಂಡು ಹಾಡಿದ್ರ ಸ್ವರ ಅಗದಿ ಪಕ್ಕಾ ಆಗತೈತಿ ಅಂತ ನನ್ನ ಲೆಕ್ಕ. ಮನ್ಯಾಗ ಎರಡು ದಿನ ಹಾಡಿದೆ. ಮೂರನೇ ದಿನ ನನ್ನ ಹೆಂಡತಿ, ಬಡ್ಸ್ ನಿಮ್ಮ ಕಿವ್ಯಾಗ ಅದಾವ, ನಮ್ಮ ಕಿವ್ಯಾಗ ಇಲ್ಲ, ಹೊರಗ ಹೋಗ್ರಿ ಅಂದ್ಲು.

ಮುಂಜಾನೆದ್ದು ಯರಗುಪ್ಪಿ ಕಡೆ ಎರಿ ಹೊಲದ ದಾರಿ ಹಿಡದೆ. ಎರಡೂ ಬಾಜು ಮಂದಿ ಕಸ ತಗೀತಿದ್ರು. ನನಗ ಅವರು ಕಂಡ್ರು, ಕೇಳಲಿಲ್ಲ. ಕಣ್ಣು ಮುಚ್ಚಿದೆ, ಒಂದು ಕೈ ಆಕಾಶದ ಕಡೆ ಚಾಚಿದೆ, ಮ್ಯಾಲಿನ ಸಾ ಹಿಡದೆ. ಆ ಸಾ ಎಷ್ಟು ಛಲೋ ನಿಂತಿತ್ತಂದ್ರ ನನಗ ನನ್ನ ಮ್ಯಾಲ ಪ್ರೀತಿ ಬಂತು.

ಅಷ್ಟ್ರಾಗ ಹಿಂದಿನಿಂದ ಯಾರೋ ನನ್ನನ್ನ ಅಮಕ್ಯಾಡಿ ಹಿಡದ್ರು. ಕಣ್ಣು ತಗದು ನೋಡಿದ್ರ ಸುತ್ತಲೂ ಏಳೆಂಟು ಮಂದಿ, ಎಲ್ಲಾರ ಬಾಯಿ ಆಡಾಕತ್ತಾವ, ನನಗ ಬರೇ ತಂಬೂರಿ ಕೇಳಸ್ತೈತಿ. ನನ್ನನ್ನ ಬದುವಿನ ಮ್ಯಾಲ ಮಲಗಿಸಿದ್ರು. ಒಬ್ಬಾಕಿ ಬೂಟು ಎಳದ್ಲು. ಹೊಲದ ಮಾಲಕ ಹಿರ್‍ಯಾ ತನ್ನ ಟಾವೆಲ್ ತಗದು ನನ್ನ ಕಾಲಿನ ಮೀನಖಂಡಕ್ಕ ಬಿಗದು ಕಟ್ಟಿದ. ಇನ್ನೊಬ್ಬಾಂವ ಕುಡಗೋಲಾ ಹಿಡಕೊಂಡು ಹುಲ್ಲಾಗ ಏನೋ ಹುಡಕಾಕತ್ತಿದ್ದ. ಆವಾಗ ನನಗ ತಿಳೀತು, ಹಾವು ಕಡದೈತಿ ಅಂತ ತಿಳಕೊಂಡಾರ. ಬಡ್ಸ್ ಕಿತ್ತು, ಏನೂ ಆಗಿಲ್ರಿ, ತೋಡಿ ರಾಗ ಹಾಡಾಕತ್ತಿದ್ದೆ ಅಂತ ಹೇಳಿದೆ.

ಹಿರ್‍ಯಾ ಕೂತು ಟಾವೆಲ್ಲಿನ ಗಂಟು ಬಿಚ್ಚಿದ, ಝಾಡಿಸಿ ಹೆಗಲ ಮ್ಯಾಲ ಹಾಕ್ಕೊಂಡ. ಅವನಿಗೆ ಖರೇನ ಕೆಟ್ಟ ಅನಿಸಿತ್ತು.

“ಹಾವು ಕಡದಿದ್ರ ದವಾಖಾನ್ಯಾಗ ಇಂಜೆಕ್ಷನ್ ಇತ್ತ್ರಿ ಸರ್,” ಅಂದ. “ಇದಕ್ಕ ಎಲ್ಲಿಗೆ ಹೋಗೂಣು?”

೩. ಅಡಿಗಿ ಮನಿ ಪಂದ್ಯ

ಮೊಬೈಲ್ ಗೇಮ್ ಆಡವರನ್ನ ಕಂಡ್ರ ನನಗ ಆಗೂದಿಲ್ಲ. ಸಾಲ್ಯಾಗ ಈ ವಿಷಯದ ಮ್ಯಾಲೆ ನಾ ಉಪನ್ಯಾಸ ಕೊಟ್ಟೇನಿ. ಆದ್ರ ಹಾಡಿದ್ರ ನೂರಕ್ಕ ಇಷ್ಟು ಅಂತ ಮಾರ್ಕ್ಸ್ ಕೊಡೂ ಗೇಮ್ ಒಂದು ಸಿಕ್ತು. ಇದು ಗೇಮ್ ಅಲ್ಲ, ಪರೀಕ್ಷಾ ಅಂತ ಮನಸ್ಸಿಗೆ ಸಮಾಧಾನ ಹೇಳ್ಕೊಂಡೆ.

ಹಾಡಿದೆ, ಮೂವತ್ತೆಂಟು ಬಂತು. ಕೆಮ್ಮಿ ಗಂಟಲಾ ಸರಿ ಮಾಡ್ಕೊಂಡು ಮತ್ತ ಹಾಡಿದೆ, ಮೂವತ್ತಾರು ಬಂತು. ನಮ್ಮ ಸಾಲ್ಯಾಗ ಹಿಂದಿನ ಬೆಂಚಿನವರಿಗೂ ನಾ ಇಷ್ಟು ಕಮ್ಮಿ ಹಾಕೂದಿಲ್ಲ. ಮೈಕಿನ್ಯಾಗ ಧೂಳಾ ಕುಂತಿರಬೇಕಂತ ಮೊಬೈಲ್ ಅಡಿಗಿ ಕಟ್ಟಿ ಮ್ಯಾಲ ಇಟ್ಟು, ಒರಸೂ ಅರಬಿ ತರಾಕ ಒಳಗ ಹೋದೆ. ಗೇಮ್ ಬಂದ್ ಮಾಡಿರಲಿಲ್ಲ. ಅಷ್ಟ್ರಾಗ ಹೆಂಡತಿ ಶೇಂಗಾ ಚಟ್ನಿ ಮಾಡಾಕ ಮಿಕ್ಸರ್ ಹಚ್ಚಿದ್ಲು. ನಾ ಹೊಳ್ಳಿ ಬರೂದ್ರಾಗ ಮೊಬೈಲ್ ತುಂಬ ಹೂವು ಉದುರಾಕತ್ತಿದ್ವು, ಚಪ್ಪಾಳಿ ಬೀಳಾಕತ್ತಿದ್ವು. ಎಪ್ಪತ್ತೊಂದು. ನಿಮ್ಮದು ದೇವರು ಕೊಟ್ಟ ದನಿ ಅಂತ ಕೆಳಗ ಬರದಿತ್ತು.

ಮೊಬೈಲಿನ ತಲಿ ಕೆಟ್ಟೈತಿ ಅಂತ ನಾ ಒದರ್‍ಯಾಡಿದೆ. ಹೆಂಡತಿ ಮಿಕ್ಸರಿನ ಮ್ಯಾಲ ಕೈ ಆಡಿಸಿದ್ಲು.

“ನಮ್ಮ ತವರುಮನಿಯಿಂದ ಬಂದದ್ದ್ರಿ,” ಅಂದ್ಲು. “ಛಲೋ ಹಾಡೂದ.”

೪. ಗುರುಗಳ ಕಿವಿ

ಇಷ್ಟೆಲ್ಲಾ ಆದ ಮ್ಯಾಲೂ ಗುರುಗಳು ಇನ್ನೂ ತಿಕ್ಕಬೇಕು ಅಂತನ ಇದ್ರು. ಒಂದು ರವಿವಾರ ಅವರ ಮುಂದ ಕುಂತಾಗ ನನಗ ಎಲ್ಲಾ ಹೊಳೀತು. ಗುರುಗಳ ಕಿವಿ ಮಂದ ಆಗಿ ಭಾಳ ವರ್ಷ ಆಗಿತ್ತು. ಉಳದ ಶಿಷ್ಯರ ಗಂಟಲಾ ದೊಡ್ಡದು, ಅವರದು ಕೇಳಸ್ತಿತ್ತು, ವಾಹ್ ಅಂತಿದ್ರು. ನನ್ನದು ನಾಜೂಕು ಹಾಡುಗಾರಿಕಿ, ಅವರ ಕಿವೀತನಕ ಮುಟ್ಟತಿದ್ದಿಲ್ಲ. ತಪ್ಪು ನನ್ನದಲ್ಲ, ಅವರದೂ ಅಲ್ಲ. ಬೇಕಾಗಿದ್ದದ್ದು ಒಂದು ಕಿವಿ ಮಿಷನ್.

ಹದಿನೈದು ದಿನ ಸಾಲಿಯಿಂದ ಬಂದು ಅದ ಕೆಲಸ ಮಾಡಿದೆ. ಇರೂ ಬರೂ ವಿಡಿಯೋ ಎಲ್ಲಾ ನೋಡಿದೆ, ವಹಿಯೊಳಗ ಬರಕೊಂಡೆ. ಗುರುಗಳು ಮೊದಲ ಒಲ್ಲೆ ಅಂದ್ರು. ಈ ವಯಸ್ಸಿನ್ಯಾಗ ಕೇಳೂದು ಏನೈತಿ ಅಂದ್ರು. ಅವರ ಹೆಂಡತಿ, ಅಮ್ಮಾರು, ನನ್ನ ಬಾಜು ನಿಂತ್ರು. ಕಡೀಕ ಹುಬ್ಬಳ್ಳಿಗೆ ಕರಕೊಂಡು ಹೋಗಿ ಎರಡೂ ಕಿವಿಗೆ ಮಿಷನ್ ಹಾಕಿಸಿದೆ.

ಹೊಳ್ಳಿ ಬರೂಮುಂದ ಅವರ ಮುಖಾ ನೋಡಬೇಕಾಗಿತ್ತು. ರಸ್ತೆ ಬಾಜೂಕ ಗುಬ್ಬಿ ಚಿಂವ್ ಅಂದದ್ದಕ್ಕ ನಿಂತ್ರು. ತಮ್ಮ ಚಪ್ಪಲಿ ಸಪ್ಪಳಾ ತಾವ ಕೇಳಿ ನಕ್ಕರು. ಮನಿಗೆ ಬಂದ ಮ್ಯಾಲೆ ಅಮ್ಮಾರು ಒಳಗಿಂದ ಚಹಾ ಮಾಡ್ಲ್ಯಾ ಅಂದ್ರು; ಒದರದ, ಹಗೂರ ಅಂದದ್ದು. ಗುರುಗಳು ಮಾಡು ಅಂದ್ರು. ಅಮ್ಮಾರು ಹೊರಗ ಬಂದು ಸೆರಗಿನ್ಯಾಗ ಕಣ್ಣು ಒರಸ್ಕೊಂಡ್ರು. ಇಷ್ಟು ದಿವಸದಾಗ ನಾ ತಂದ ಮಿಷನ್ ಒಂದು ಮನುಷ್ಯಾನ ಉಪಯೋಗಕ್ಕ ಬಂದದ್ದು ಅದ ಮೊದಲು.

ಚಹಾ ಆದ ಮ್ಯಾಲೆ ಗುರುಗಳು ಹಾಡು ಅಂದ್ರು. ಒಂಬತ್ತು ವರ್ಷ ಕಾಯ್ದ ಗಳಿಗಿ. ಕಣ್ಣು ಮುಚ್ಚಿ, ಇದ್ದ ಜೀವಾ ಎಲ್ಲಾ ಹಾಕಿ ಹಾಡಿದೆ. ನಾಕು ನಿಮಿಷ ಆಗಿರಬೇಕು, ಗುರುಗಳು ಕೈ ಎತ್ತಿದ್ರು. ಮಿಷನ್ ಎರಡೂ ತಗದು, ಹೊಳ್ಳಿಸಿ ಮಳ್ಳಿಸಿ ನೋಡಿ, ಊದಿ, ಮತ್ತ ಹಾಕ್ಕೊಂಡ್ರು. ಅಮ್ಮಾರಿಗೆ ಒಳಗ ಹೋಗಿ ಏನರ ಮಾತಾಡು ಅಂದ್ರು. ಅಮ್ಮಾರು ಮಾತಾಡಿದ್ರು. ಮಿಷನ್ ಸರಿ ಇತ್ತು.

“ಮಾಸ್ತರ, ನೀ ಮೊದಲಿಂದ ಹಿಂಗ ಹಾಡ್ತಿದ್ದೇನು?” ಅಂದ್ರು.

ಹೌದ್ರಿ ಅಂದೆ.

“ಒಂಬತ್ತು ವರ್ಷ?”

ಹೌದ್ರಿ ಅಂದೆ.

ಗುರುಗಳು ನನ್ನ ಹೆಗಲ ಮ್ಯಾಲ ಕೈ ಇಟ್ರು. “ಹೇಳಬಾರದೇನೋ ತಮ್ಮಾ,” ಅಂದ್ರು.

ಎರಡು ರವಿವಾರ ನಾ ಕುಂದಗೋಳದ ಕಡೆ ಮಾರಿ ಹಾಕಲಿಲ್ಲ. ಮಂದಿ ಮುಂದ ನೆಗಡಿ ಅಂತ ಹೇಳಿದೆ. ಖರೇ ಹೇಳಬೇಕಂದ್ರ ಸಂಕಟ ಆಗಿತ್ತು, ನಾಚಿಕಿ ಆಗಿತ್ತು. ಮೂರನೇ ವಾರ ಗುರುಗಳದ ಫೋನ್ ಬಂತು. ನನಗ ಕಿವಿ ಕೊಟ್ಟಾಂವ ನೀ, ನಿನಗ ಹದಿನೈದು ನಿಮಿಷ ಕೊಡಲಿಲ್ಲಂದ್ರ ನನಗ ಪಾಪ ಹತ್ತತೈತಿ, ಈ ಅಮಾಸಿಗೆ ನೀ ಹಾಡಬೇಕು ಅಂದ್ರು. ಫೋನ್ ಇಟ್ಟು ನಾ ಮನ್ಯಾಗ ಒಂದು ಸುತ್ತು ಕುಣದೆ.

ಅಮಾಸಿ ಸಂಜಿಗೆ ಪಡಸಾಲಿ ತುಂಬಿತ್ತು. ಅವತ್ತ ಜಮಖಾನಿ ಬ್ಯಾರೆಯವರು ಹಾಸಿದ್ರು. ತಬಲಾಕ್ಕ ನಮ್ಮ ಸಂಶಿ ಟೇಲರ್ ಕುಂತಿದ್ದ, ಹನ್ನೆರಡು ವರ್ಷದಿಂದ ಎಲ್ಲಾರಿಗೂ ಅಂವಾನ ಸಾಥಿ. ಗುರುಗಳು ಅಗದಿ ಮುಂದ, ನನ್ನ ಎದುರಿಗೇ ಕುಂತ್ರು. ಹೆಂಡತಿ ಹೆಣ್ಣಮಕ್ಕಳ ಸಾಲಿನ್ಯಾಗ ಇದ್ಲು. ನಾ ಎಲ್ಲಾರಿಗೂ ಕೈ ಮುಗದು, ಸಾ ಹಿಡಿಯಾಕ ಬಾಯಿ ತಗದೆ.

ಗುರುಗಳು ಬಲಗಿವಿ ಮಿಷನ್ ತಗದ್ರು. ಆಮ್ಯಾಲೆ ಎಡಗಿವಿದು ತಗದ್ರು. ಎರಡೂ ಡಬ್ಬಿಯೊಳಗ ಇಟ್ಟು, ಟಕ್ ಅಂತ ಮುಚ್ಚಿ, ಕಿಸೇದಾಗ ಹಾಕ್ಕೊಂಡ್ರು. ನನ್ನ ನೋಡಿ ಅಂತಃಕರಣದಿಂದ ನಕ್ಕು, ಕಣ್ಣು ಮುಚ್ಚಿ ಕುಂತ್ರು.

ಇಡೀ ಪಡಸಾಲಿ ಬಾಯಿಗೆ ಟಾವೆಲ್ ಹಚ್ಚಿತು. ನನಗ ಎದ್ದು ಹೋಗಬೇಕನಿಸ್ತು, ಆದ್ರ ಹದಿನೈದು ನಿಮಿಷ ಅಂದ್ರ ಹದಿನೈದು ನಿಮಿಷ. ಹಾಡಿದೆ. ಒಂದು ಸೆಕೆಂಡೂ ಬಿಡದ ಹಾಡಿದೆ. ಮುಗಿಸಿ ನಾ ಕೈ ಮುಗದಾಗ ಅಮ್ಮಾರು ಗುರುಗಳ ಮೊಣಕೈ ಮುಟ್ಟಿದ್ರು. ಗುರುಗಳು ಕಣ್ಣು ತಗದು, ಓಣಿ ತುದೀತನಕ ಕೇಳೂ ಹಂಗ “ವಾಹ್!” ಅಂದ್ರು.

ಅದು ಹೆಂಗರ ಬಂದಿರಲಿ, ನನ್ನ ಕಣ್ಣಾಗ ಖರೇನ ನೀರು ಬಂತು. ಹೋಗಿ ಅವರ ಕಾಲಿಗೆ ಬಿದ್ದೆ. ಅವರು ಬೆನ್ನು ಚಪ್ಪರಿಸಿದ್ರು. ಎದ್ದು ನಿಂತಾಗ ಟೇಲರ್ ತಬಲಾ ಬಿಟ್ಟು ಬಂದು ನನ್ನ ಕೈ ಹಿಡಕೊಂಡ. ಒಂದು ವಸ್ತುವಿನ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಾಗಿತ್ತು ಅಂದ. ಇಂಥಾ ದಿನಾನೂ ಮಂದಿ ನನ್ನ ಬುದ್ಧಿ ಬಿಡೂದಿಲ್ಲಲ್ಲ ಅಂತ ಹೆಮ್ಮಿ ಆತು. ಕೇಳಪಾ ಅಂದೆ.

“ಆ ಕಿವಿ ಮಿಷನ್ ನನಗೂ ಒಂದು ಜೋಡಿ ಕೊಡಸ್ರಿ ಸರ್,” ಅಂದ. “ನನ್ನ ಕಿವಿ ಛಲೋ ಅದಾವ. ಆದ್ರ ನೀವು ಹಾಡಾಕ ಕುಂತಾಗ ತಗದಿಡಾಕ ಏನರ ಬೇಕಲ್ಲ?”